ತಾನಾಗಿ ಉದುರಿದ ಕೊಂಬು

ಮೂವತ್ತು ವರ್ಷಗಳಲ್ಲಿ ಸಾವಿರಾರು ಜನರ ಮಂಡಿ ಬದಲಾಯಿಸಿದ ಡಾಕ್ಟರ್ ನಾರಾಯಣಸ್ವಾಮಿಯವರ ಮನೆಯಲ್ಲೇ ಒಂದು ಮಂಡಿ ಬಾಕಿ ಉಳಿದಿತ್ತು. ಅದು ಅವರ ಹೆಂಡತಿ ಸೀತಾಲಕ್ಷ್ಮಿಯ ಬಲಗಾಲಿನದು. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿಕೊಂಡಿತ್ತು. ಮಹಡಿ ಮೆಟ್ಟಿಲನ್ನು ಅವಳು ಮಗುವಿನ ಹಾಗೆ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತುತ್ತಿದ್ದಳು. ಇಳಿಯುವಾಗ ಕಟಕಟೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದಳು. ಆಪರೇಷನ್ನಿಗೆ ಎರಡು ಸಲ ತಾರೀಖು ಬಂದು, ಎರಡು ಸಲವೂ ಅವಳೇ ಫೋನ್ ಮಾಡಿ ಬೇಡವೆಂದಿದ್ದಳು. ಮೊದಲ ಸಲ ನೆಗಡಿ ಎಂದಳು. ಎರಡನೆಯ ಸಲ ಲೆಸ್ಟರ್‌ನಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆ ಎಂದಳು.

ಭಯ ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನಾರಾಯಣಸ್ವಾಮಿ ಲೆಕ್ಕ ಒಪ್ಪಿಸುತ್ತಿದ್ದರು: ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಏನೂ ಆಗುವುದಿಲ್ಲ. ಉಳಿದ ಒಬ್ಬರ ಬಗ್ಗೆ ಅವಳಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್ ಊರಿನ ಅವರ ಹಳೆಯ ಮನೆಯಲ್ಲಿ ಶನಿವಾರ ಬಂತೆಂದರೆ ನಾಲ್ಕೈದು ಜನ ಮೂಳೆ ಡಾಕ್ಟರುಗಳು ಊಟಕ್ಕೆ ಸೇರುತ್ತಿದ್ದರು. ಬಿಸಿಬೇಳೆಭಾತಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ಆ ಟೀಚರಮ್ಮನ ಮಂಡಿ ಮತ್ತೆ ಬಿಚ್ಚಬೇಕಾಯ್ತು ಕಣ್ರೀ, ಒಳಗೆಲ್ಲ ಕೀವು... ಸ್ವಲ್ಪ ಬೂಂದಿ ಈ ಕಡೆ ತಳ್ಳಿ" ಎನ್ನುತ್ತಿದ್ದರು. ಗುಣವಾದ ತೊಂಬತ್ತೊಂಬತ್ತು ಜನರ ಸುದ್ದಿ ಆ ಮೇಜಿಗೆ ಯಾವತ್ತೂ ಬರಲಿಲ್ಲ. ನೆಟ್ಟಗೆ ನಡೆದುಕೊಂಡು ಮನೆಗೆ ಹೋದವರ ಬಗ್ಗೆ ಮಾತಾಡಲು ಏನಿರುತ್ತದೆ? ಬಡಿಸುತ್ತ ನಿಂತವಳ ಕಿವಿಗೆ ವರ್ಷಗಟ್ಟಲೆ ಬಿದ್ದದ್ದು ಆ ನೂರನೆಯವರ ಕಥೆಗಳೇ.

೨೦೧೫ರ ಜನವರಿಯಲ್ಲಿ ಮೂರನೆಯ ತಾರೀಖಿನ ಮಾತು ಬಂದಾಗ ಅವಳು ಹೊಸ ದಾರಿ ಹಿಡಿದಳು.

"ಒಂದೇ ಒಂದು ಮಾಡಿ ನೋಡ್ಬಿಡೋಣ ರೀ. ಚಾಮರಾಜನಗರದ ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು. ಜಿಂಕೆ ಕೊಂಬು ತೇಯ್ದು ಒಂದು ಮಂಡಲ ಹಚ್ಚಿದ್ರು. ನಲವತ್ತೆಂಟೇ ದಿನ. ಆಮೇಲೆ ಬೆಟ್ಟ ಹತ್ತಿದ್ರು."

"ನಿಮ್ಮ ದೊಡ್ಡಮ್ಮನಿಗೆ ಆಗ ಮೂವತ್ತೈದು ವರ್ಷ ಕಣೆ. ಬೆಟ್ಟ ಹತ್ತದೆ ಇನ್ನೇನು ಮಾಡ್ತಾರೆ?"

"ಹಚ್ತೀನಿ. ಕಡಿಮೆ ಆಗ್ಲಿಲ್ಲ ಅಂದ್ರೆ ನೀವು ಹೇಳಿದ ದಿನ ಬಂದು ಟೇಬಲ್ ಮೇಲೆ ಮಲಗ್ತೀನಿ. ದೇವರಾಣೆ."

ನಾರಾಯಣಸ್ವಾಮಿಗೆ ಸಹಿ ಹಾಕಿದ ಕಾಗದ ಕೈಗೆ ಬಂದಂತಾಯಿತು. ಸೀತಾಲಕ್ಷ್ಮಿಗೂ ಸಮಾಧಾನವೇ ಆಯಿತು. ಊರಿನಲ್ಲಿ ಕೊಂಬಿನ ಒಂದು ಚೂರು ಮನೆಯಲ್ಲಿದ್ದರೂ ಫಾರೆಸ್ಟ್‌ನವರು ಬಾಗಿಲಿಗೆ ಬರುತ್ತಾರೆ; ದೊಡ್ಡಮ್ಮನ ಕೊಂಬನ್ನು ಹೆದರಿ ಯಾವತ್ತೋ ಬಾವಿಗೆ ಹಾಕಿದ್ದರು. ವಿಮಾನದಲ್ಲಿ ತರುವ ಮಾತೇ ಇಲ್ಲ. ಇನ್ನು ಇಂಗ್ಲೆಂಡಿನಲ್ಲಿ ಎಲ್ಲಿಂದ ಸಿಗಬೇಕು? ಸಿಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವಳು ಅದನ್ನು ಕೇಳಿದ್ದು.

ಈ ದೇಶದಲ್ಲಿ ಮೂರು ದಶಕ ಸಂಸಾರ ಮಾಡಿದ್ದರೂ ಅವಳು ನಾಯಿ ಸಾಕಿರಲಿಲ್ಲ. ಅದೇ ತಪ್ಪಾದದ್ದು. ಮೂರನೆಯ ದಿನ ನಾರಾಯಣಸ್ವಾಮಿ ಆಸ್ಪತ್ರೆಯಿಂದ ಬರುವಾಗ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ತುಂಡನ್ನು ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರು. ಕವರಿನ ಮೇಲೆ ನಗುವ ನಾಯಿಯ ಚಿತ್ರ.

"ಏನ್ರೀ ಇದು?"

"ಜಿಂಕೆ ಕೊಂಬು. ಇಲ್ಲಿ ನಾಯಿಗಳಿಗೆ ಅಗಿಯೋದಕ್ಕೆ ಕೊಡ್ತಾರೆ. ಶೆಲ್ಫ್ ತುಂಬ ಇದೆ."

ಸೀತಾಲಕ್ಷ್ಮಿ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ನೋಡಿದಳು. ಎರಡೂ ತುದಿ ಗರಗಸದಲ್ಲಿ ಕೊಯ್ದು ನುಣ್ಣಗಿತ್ತು. "ಇದು ಕೊಯ್ದಿದ್ದು. ಕೊಂದು ಕೊಯ್ದರೋ ಏನೋ ಯಾರಿಗೆ ಗೊತ್ತು? ಪಾಪದ ಕೊಂಬು ಬೇಡ. ತಾನಾಗಿ ಉದುರಿರ್ಬೇಕು. ಎಲ್ಲಿ ಉದುರ್ತು ಅನ್ನೋದೂ ಗೊತ್ತಿರ್ಬೇಕು."

"ಇದನ್ನೂ ನಿಮ್ಮ ದೊಡ್ಡಮ್ಮ ಹೇಳಿದ್ರಾ?"

"ಹೂಂ ಮತ್ತೆ."

ದೊಡ್ಡಮ್ಮ ಹೇಳಿದ ನೆನಪು ಅವಳಿಗಿರಲಿಲ್ಲ. ಆದರೆ ಬಾಯಿಂದ ಬಿದ್ದ ಮೇಲೆ ಅದು ತುಂಬ ಹಳೆಯ ನಿಯಮದ ಹಾಗೆಯೇ ಕೇಳಿಸಿತು.

ಮಕ್ಕಳು ಅವರವರ ಕೆಲಸದ ಊರಿಗೆ ಹೋದ ಮೇಲೆ ಗಂಡ ಹೆಂಡತಿ ಸಟನ್ ಬಿಟ್ಟು, ಕ್ಯಾನಕ್ ಚೇಸ್ ಕಾಡಿನ ಅಂಚಿಗೆ ಬಂದಿದ್ದರು. ಉದ್ದನೆಯ ಗಾರ್ಡನ್ನು, ಅದರ ಕೊನೆಯಲ್ಲಿ ಮುರುಕಲು ಬೇಲಿ, ಬೇಲಿಯಾಚೆ ಕಾಡು. ಕಾಡಿನಿಂದ ಜಿಂಕೆಗಳು ಬಂದು ಅವಳ ಗುಲಾಬಿ ಮೊಗ್ಗು ತಿಂದು ಹೋಗುತ್ತಿದ್ದವು. ಇಷ್ಟು ದಿನ ಅವಳೇ ಅವನ್ನು ಬೈಯುತ್ತಿದ್ದಳು. ನಾರಾಯಣಸ್ವಾಮಿ ಈಗ ಕಿಟಕಿಯ ಬಳಿ ನಿಂತು ಆ ಬೇಲಿಯನ್ನೇ ನೋಡತೊಡಗಿದರು. ಗಂಡುಜಿಂಕೆ ವರ್ಷಕ್ಕೊಮ್ಮೆ, ಏಪ್ರಿಲ್ಲು ಮೇ ಹೊತ್ತಿಗೆ, ಕೊಂಬು ಉದುರಿಸಿ ಹೊಸದು ಬೆಳೆಸುತ್ತದೆ. ಕಾಡೊಳಗೆ ಹೋಗಿ ಹೆಕ್ಕಲು ಕಾಡಿನವರ ಒಪ್ಪಿಗೆ ಬೇಕು. ನಮ್ಮ ಹುಲ್ಲಿನ ಮೇಲೇ ಬಿದ್ದರೆ ಯಾರ ಒಪ್ಪಿಗೆ?

ಮುಂದಿನ ಶನಿವಾರ, ಅವರು ಕರೆಸಿದ್ದಕ್ಕೆ, ಸಾಲಿಹಲ್‌ನಿಂದ ದಿನೇಶ ಬಂದ. ಬೆಂಗಳೂರಿನ ಹುಡುಗ, ಕಾರು ಕಂಪನಿಯೊಂದರಲ್ಲಿ ಗಾಡಿ ಕುಲುಕದ ಹಾಗೆ ನೋಡಿಕೊಳ್ಳುವ ಸಸ್ಪೆನ್ಷನ್ ಇಂಜಿನಿಯರು, ಕನ್ನಡ ಸಂಘದ ನಾಟಕಗಳಿಗೆ ಸ್ಟೇಜು ಕಟ್ಟುವವನು. ಲ್ಯಾಪ್‌ಟಾಪ್ ಬಿಚ್ಚಿ ಮೇಜಿನ ಮೇಲಿಟ್ಟ. ಪರದೆಯಲ್ಲಿ ಬಣ್ಣಬಣ್ಣದ ಗೆರೆಗಳ ಜಿಂಕೆಯೊಂದು ತಲೆ ಬಗ್ಗಿಸಿ ಎತ್ತಿತು, ಬಗ್ಗಿಸಿ ಎತ್ತಿತು.

"ಸಿಂಪಲ್ ಆಂಟಿ. ಅಮೆರಿಕದಲ್ಲೆಲ್ಲ ಮಾಡ್ತಾರೆ. ಪ್ಲಾಸ್ಟಿಕ್ ಡ್ರಮ್ಮನ್ನ ಅರ್ಧಕ್ಕೆ ಕೊಯ್ದು ಅದರಲ್ಲಿ ಜೋಳ ಹಾಕ್ತೀವಿ. ಸುತ್ತ ನಾಲ್ಕು ಗೂಟ. ಗೂಟದಿಂದ ಗೂಟಕ್ಕೆ ಅಡ್ಡಡ್ಡ ಎಲಾಸ್ಟಿಕ್ ಹಗ್ಗ, ಕಾರಿನ ಮೇಲೆ ಲಗೇಜ್ ಬಿಗೀತಾರಲ್ಲ, ಅದೇ. ಜಿಂಕೆ ತಲೆ ತೂರಿಸಿ ತಿನ್ನುತ್ತೆ, ಎತ್ತುವಾಗ ಕೊಂಬಿಗೆ ಹಗ್ಗ ತಾಗುತ್ತೆ. ಸಡಿಲ ಇದ್ರೆ ಟಪ್ ಅಂತ ಬೀಳುತ್ತೆ."

"ಸಡಿಲ ಇಲ್ದಿದ್ರೆ?"

"ಹಗ್ಗ ಹಿಗ್ಗಿ ಬಿಟ್ಕೊಡುತ್ತೆ. ಸಿಮ್ಯುಲೇಷನ್ ಮಾಡಿದೀನಿ."

"ಜಿಂಕೆಗೆ ಹೇಳಿದೀಯಾ?"

ದಿನೇಶ ನಕ್ಕ. ನಾರಾಯಣಸ್ವಾಮಿ ನಗಲಿಲ್ಲ. "ಸಿಕ್ಕಿಹಾಕಿಕೊಳ್ಳೋದು ನೂರಕ್ಕೊಂದು ಸಲ ಕಣೆ" ಎಂದರು.

ಸೀತಾಲಕ್ಷ್ಮಿ ಕಾಫಿ ತರಲು ಒಳಗೆ ಹೋದಳು. ಆ ನೂರಕ್ಕೊಂದು ಎಲ್ಲಿ ಹೋದರೂ ಅವಳನ್ನು ಹುಡುಕಿಕೊಂಡು ಬರುತ್ತಿತ್ತು.

ಎರಡು ವಾರಾಂತ್ಯ ಹಿಡಿದು ಗಂಡಸರಿಬ್ಬರೂ ಡ್ರಮ್ಮು ಹೂತರು, ಗೂಟ ಹೊಡೆದರು, ಹಗ್ಗ ಬಿಗಿದರು. ಆಪರೇಷನ್ ಥಿಯೇಟರಿನಲ್ಲಿ ಆರು ಜನರನ್ನು ಬೆರಳ ತುದಿಯಲ್ಲಿ ಕುಣಿಸುವ ನಾರಾಯಣಸ್ವಾಮಿ ಇಲ್ಲಿ ದಿನೇಶನಿಗೆ ಮೊಳೆ ಎತ್ತಿಕೊಡುತ್ತಿದ್ದರು. ಮುಸುಕಿನ ಜೋಳದ ಇಪ್ಪತ್ತೈದು ಕಿಲೋ ಚೀಲ ಗ್ಯಾರೇಜಿಗೆ ಬಂತು. ಎಲ್ಲ ಮುಗಿದ ಮೇಲೆ ಸಣ್ಣದೊಂದು ತೊಡಕು ಗೊತ್ತಾಯಿತು. ದಿನಾ ಜೋಳ ಹಾಕುವವರು ಯಾರು? ದಿನೇಶ ಸಾಲಿಹಲ್‌ನಲ್ಲಿದ್ದ. ಡಾಕ್ಟರು ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಟರೆ ಸಂಜೆ ಏಳಕ್ಕೆ ಬರುವವರು. ಹೀಗಾಗಿ ನೆಟ್ಟಗೆ ನಡೆಯಲಾರದವಳ ಮಂಡಿಗೆ ಔಷಧ ಸಂಪಾದಿಸುವ ಯಂತ್ರವನ್ನು ನಡೆಸಲು, ದಿನಕ್ಕೆರಡು ಸಲ ಗಾರ್ಡನ್ನಿನ ಕೊನೆಯವರೆಗೆ ನಡೆಯುವ ಕೆಲಸ ಆ ಮಂಡಿಗೇ ಬಂತು.

ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪುಟ್ಟ ಬಕೆಟ್ಟು. ಫೆಬ್ರವರಿಯ ಕೆಸರಿನಲ್ಲಿ ಅಷ್ಟು ದೂರ ಹೋಗಿಬರಲು ಅವಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮೊದಲ ಮೂರು ವಾರ ಜೋಳವನ್ನು ತಿಂದದ್ದು ಪಾರಿವಾಳಗಳು. ಆಮೇಲೆ ಒಂದು ದಿನ ಅದು ಬಂತು. ಡಾಕ್ಟರ ಕಾರು ಹೊರಟು ಹತ್ತು ನಿಮಿಷವಾಗಿತ್ತು. ಬೇಲಿಯ ಮುರುಕಿನಲ್ಲಿ ಮೊದಲು ಕೊಂಬು ಕಾಣಿಸಿತು, ಆಮೇಲೆ ಮುಖ. ಕೊಂಬು ತುದಿಯಲ್ಲಿ ಅಗಲವಾಗಿ, ಯಾರೋ ಬೆರಳು ಬಿಡಿಸಿ ಎರಡು ಅಂಗೈ ಎತ್ತಿ ಹಿಡಿದ ಹಾಗಿತ್ತು.

ಸೀತಾಲಕ್ಷ್ಮಿ ಅಡುಗೆಮನೆಯಿಂದ ನೋಡುತ್ತಿದ್ದಳು. ಅದು ಡ್ರಮ್ಮಿನ ಬಳಿ ಬಂದು, ಹಗ್ಗ ಮೂಸಿ, ತಲೆಯನ್ನು ಅರ್ಧ ತೂರಿಸಿತು. ಕೊಂಬಿನ ಒಂದು ಬೆರಳಿಗೆ ಹಗ್ಗ ಸಿಕ್ಕಿತು. ತಲೆ ಕೊಡವಿತು, ಬಿಡಲಿಲ್ಲ. ಹಿಂದೆ ಜಗ್ಗಿತು. ಹಗ್ಗ ಮಾರುದ್ದ ಹಿಗ್ಗಿ, ಕೊನೆಗೆ ಚಟೀರೆಂದು ಕಳಚಿಕೊಂಡು ಅದರ ಮೂತಿಗೇ ಬಡಿಯಿತು. ಜಿಂಕೆ ಒಂದೇ ನೆಗೆತಕ್ಕೆ ಕಾಡು ಸೇರಿತು.

ದಿನೇಶ ಹೇಳಿದ ಹಾಗೆ ಹಗ್ಗ ಬಿಟ್ಟುಕೊಟ್ಟಿತ್ತು, ನಿಜ. ಆದರೂ ಅವಳು ಕೋಲೂರಿಕೊಂಡು ಅಲ್ಲಿಯವರೆಗೆ ಹೋಗಿ, ನಾಲ್ಕೂ ಹಗ್ಗದ ಕೊಕ್ಕೆಗಳನ್ನು ಬಿಚ್ಚಿ ನೆಲಕ್ಕೆ ಬಿಟ್ಟಳು. ಸಂಜೆ ಗಂಡ ಬರುವ ಮೊದಲು ಮತ್ತೆ ಹೋಗಿ ಸಿಕ್ಕಿಸಿದಳು. ಅಂದಿನಿಂದ ಅದೇ ವಾಡಿಕೆಯಾಯಿತು: ಬೆಳಿಗ್ಗೆ ಕಾರು ಹೊರಟ ಕೂಡಲೇ ಬಿಚ್ಚುವುದು, ಸಂಜೆ ಸಿಕ್ಕಿಸುವುದು. ಜಿಂಕೆ ಮತ್ತೆ ನಾಲ್ಕು ದಿನಕ್ಕೆ ಬಂತು. ಆಮೇಲೆ ದಿನಾ ಬಂತು. ಜೋಳದ ಜೊತೆಗೆ ಅವಳು ಕ್ಯಾರೆಟ್ ತುದಿ, ಸೀಮೆಬದನೆ ಸಿಪ್ಪೆ ಹಾಕತೊಡಗಿದಳು. "ಬಂದ್ಯೇನಪ್ಪಾ? ಇವತ್ತು ತಡ ಆಯ್ತು" ಎಂದು ಬಾಗಿಲಲ್ಲಿ ನಿಂತು ವಿಚಾರಿಸಿಕೊಳ್ಳುತ್ತಿದ್ದಳು.

ಭಾನುವಾರಗಳಲ್ಲಿ ನಾರಾಯಣಸ್ವಾಮಿ ಬೈನಾಕ್ಯುಲರ್ ಹಿಡಿದು ಗಾಜಿನ ಬಾಗಿಲ ಹಿಂದೆ ಕೂರುತ್ತಿದ್ದರು. ಬಿಳಿ ಬನಿಯನ್ನು, ಕೈಯಲ್ಲಿ ಕಾಫಿ, ಐದು ನಿಮಿಷಕ್ಕೊಮ್ಮೆ ಕೆಮ್ಮು. ಜಿಂಕೆ ಹತ್ತಿರ ಸುಳಿಯುತ್ತಿರಲಿಲ್ಲ.

"ವಾರವೆಲ್ಲ ಬರುತ್ತೆ ಅಂತೀಯಾ?"

"ಬರುತ್ತೆ. ಜೋಳ ಖಾಲಿ ಆಗ್ತಿಲ್ವಾ?"

"ಕೊಂಬು ಹೇಗಿದೆ?"

"ಗಟ್ಟಿಯಾಗಿದೆ" ಎನ್ನುತ್ತಿದ್ದಳು ಸೀತಾಲಕ್ಷ್ಮಿ, ತನ್ನ ಮಂಡಿಗೇ ಯಾರೋ ಸರ್ಟಿಫಿಕೇಟ್ ಕೊಟ್ಟಷ್ಟು ನೆಮ್ಮದಿಯಿಂದ.

ಏಪ್ರಿಲ್ ಬಂತು. ನಾರಾಯಣಸ್ವಾಮಿ ಜಿಂಕೆಯ ಮಾತು ಕಡಿಮೆ ಮಾಡಿ ಮೆಟ್ಟಿಲಿನ ಮಾತು ಹೆಚ್ಚು ಮಾಡಿದರು. ಅವಳು ಹಿಮ್ಮುಖವಾಗಿ ಇಳಿಯುವಾಗ ಕೆಳಗೆ ನಿಂತು ಎರಡೂ ಕೈ ಚಾಚಿರುತ್ತಿದ್ದರು. ಒಂದು ಸಂಜೆ ಅವಳು ಬಚ್ಚಲಲ್ಲಿ ಜಾರಿ ನಲ್ಲಿ ಹಿಡಿದು ನಿಂತುಕೊಂಡಳು. ಏನೂ ಆಗಲಿಲ್ಲ. ಆದರೆ ಅವರು ಆ ದಿನ ಊಟ ಬಿಟ್ಟರು.

ಅದಾಗಿ ಒಂದು ವಾರಕ್ಕೆ, ಕೆಲಸಕ್ಕೆ ಹೊರಡುವ ಮೊದಲು ಅವರು ಹಿಂಬಾಗಿಲಿನಿಂದ ಒಳಗೆ ಬಂದರು. ಕೈಯಲ್ಲಿ ಕೊಂಬು. "ಸೀತಾ, ನೋಡಿಲ್ಲಿ. ಡ್ರಮ್ಮಿನ ಪಕ್ಕದಲ್ಲೇ ಬಿದ್ದಿತ್ತು. ಹಗ್ಗ ಕೆಲಸ ಮಾಡಿದೆ."

ಅವಳು ಕೈಚಾಚಿ ಈಸಿಕೊಂಡಳು. ತೂಕವಾಗಿತ್ತು. ಬುಡ ಒರಟಾಗಿ, ತಾನಾಗಿ ಕಳಚಿದ ಹಾಗೆಯೇ ಇತ್ತು; ಗರಗಸದ ಗುರುತಿರಲಿಲ್ಲ. ಆದರೆ ಅದು ಉರುಟಾದ ಕೊಂಬು. ಒಣಗಿದ ಮರದ ಕೊಂಬೆಯ ಹಾಗೆ ಮೇಲಕ್ಕೆ ಹೋಗಿ ಕವಲೊಡೆದಿತ್ತು. ಅಂಗೈ ಎಲ್ಲಿ? ಬೆರಳೆಲ್ಲಿ? ಅವಳು ಗಂಡನ ಕಾಲು ನೋಡಿದಳು. ಹೊರಗೆ ಹುಲ್ಲಿನ ತುಂಬ ಇಬ್ಬನಿ ಇತ್ತು. ಅವರ ಶೂಸು ಒದ್ದೆಯಾಗಿರಲಿಲ್ಲ.

"ಅದರದ್ದೇನಾ?" ಎಂದಳು.

"ಇನ್ಯಾರದ್ದು? ನಾನು ಮೂಳೆ ನೋಡದವನಾ?"

ಕಾರು ಹೊರಟಿತು. ಹತ್ತು ನಿಮಿಷ ಕಳೆದು ಬೇಲಿಯ ಮುರುಕಿನಲ್ಲಿ ಜಿಂಕೆ ಬಂತು, ಎರಡು ಅಂಗೈಗಳನ್ನೂ ಎತ್ತಿ ಹಿಡಿದುಕೊಂಡು. ಯಾವ ಬೆರಳೂ ಕಡಿಮೆಯಾಗಿರಲಿಲ್ಲ.

ಸೀತಾಲಕ್ಷ್ಮಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಣ್ಣೀರು ಸುರಿಸುವ ಪೇಷಂಟಿನ ಮುಂದೆಯೂ ರೆಪ್ಪೆ ಬಡಿಯದೆ ನೂರಕ್ಕಿಷ್ಟು ಎಂದು ಓದಿಹೇಳುವವರು. ಸಂಘದ ಇಸ್ಪೀಟಾಟದಲ್ಲಿ ಕೂಡ ತಮ್ಮ ಎಲೆ ತಾವೇ ತೋರಿಸಿಬಿಡುವವರು. ಅಂಥವರು ಎಲ್ಲಿಂದಲೋ ಕೊಂಬು ತರಿಸಿ, ಕಾರಿನ ಡಿಕ್ಕಿಯಲ್ಲಿ ಅಡಗಿಸಿಟ್ಟು, ಬೆಳಿಗ್ಗೆ ಬೆಳಿಗ್ಗೆ ಹಿಂಬಾಗಿಲಿನಿಂದ ಹೊರಗೆ ಹೋದ ಹಾಗೆ ಮಾಡಿ ಒಳಗೆ ಬಂದಿದ್ದರು. ಆವರೆಗೆ ಭಯ ತನಗೊಬ್ಬಳಿಗೇ ಎಂದುಕೊಂಡಿದ್ದಳು.

ಸಂಜೆ ದೇವರ ಮನೆಯಿಂದ ಸಾಣೆಕಲ್ಲು ಹೊರಗೆ ಬಂತು. ಮಂಡಲ ಶುರುವಾಯಿತು. ತೇಯುವುದು ತನ್ನದೇ ಕೆಲಸ ಎಂದುಕೊಂಡಿದ್ದಳು; ನಾರಾಯಣಸ್ವಾಮಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ, ಟೈ ಕಟ್ಟಿಕೊಂಡು, ತೋಳು ಮಡಿಸಿ, ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯುತ್ತ ಕೂತರು. ಬಿಳಿ ಗಂಧ ಬಂದ ಮೇಲೆ ಬಟ್ಟಲಿನಲ್ಲಿ ಬೆಚ್ಚಗೆ ಮಾಡಿ, ಮಂಡಿಯ ಸುತ್ತ ಒಂದು ನೂಲೂ ಆಚೀಚೆಯಾಗದ ಹಾಗೆ ಹಚ್ಚುತ್ತಿದ್ದರು. ಕೂದಲು ಸುಟ್ಟಂಥ ವಾಸನೆ ಮನೆಯಲ್ಲೆಲ್ಲ ನಿಂತಿತು.

"ಪ್ರತೀಕ್ಷಾಗೆ ಹೇಳ್ಬೇಡ" ಎಂದರು ಒಂದು ದಿನ. ಪ್ರತೀಕ್ಷಾ ಅವರ ಮಗಳು, ಲೀಡ್ಸ್‌ನಲ್ಲಿ ಜಿಪಿ, ಎಂದರೆ ಫ್ಯಾಮಿಲಿ ಡಾಕ್ಟರು.

"ಏನಂತ ಹೇಳ್ಲಿ? ನಿಮ್ಮಪ್ಪ ಕೊಂಬು ತೇಯ್ತಿದಾರೆ ಅಂತಲಾ?"

"ಅದಕ್ಕೇ ಹೇಳ್ಬೇಡ ಅಂದಿದ್ದು."

ಮೇ ಮೊದಲ ವಾರದಲ್ಲಿ, ಹಗ್ಗ ಬಿಚ್ಚಲು ಹೋದವಳ ಕೋಲಿಗೆ ತುರುಚೆ ಗಿಡಗಳ ನಡುವೆ ಏನೋ ಗಟ್ಟಿಯಾದದ್ದು ತಾಗಿತು. ಬಗ್ಗಲಾಗದೆ ಕೋಲಿನಿಂದಲೇ ಎಳೆದುಕೊಂಡಳು. ಅಗಲವಾದ ಅಂಗೈ, ಏಳು ಬೆರಳು. ಯಾವ ಹಗ್ಗವೂ ಜಗ್ಗದೆ, ತಾನಾಗಿ, ತನ್ನ ಹೊತ್ತಿಗೆ ಉದುರಿದ್ದು. ಎಲ್ಲಿ ಉದುರಿತೆಂಬುದೂ ಗೊತ್ತಿದ್ದದ್ದು.

ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ತಂದು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಅವಳು ಕೇಳಿದ ಎಲ್ಲ ನಿಯಮಗಳನ್ನೂ ಪಾಲಿಸಿದ ಕೊಂಬು ಅದು. ಗಂಡನಿಗೆ ತೋರಿಸಿದರೆ ಅವರು ತಂದದ್ದು ಏನು ಎಂಬ ಪ್ರಶ್ನೆ ಏಳುತ್ತದೆ. ತೋರಿಸದೆ ತಾನೇ ತೇಯ್ದು ಹಚ್ಚಬಹುದು. ಹಚ್ಚಿ ಗುಣವಾಗದಿದ್ದರೆ? ಹಾಗಾದರೆ ಮುಂದಕ್ಕೆ ತಳ್ಳಲು ಇನ್ನೇನೂ ಉಳಿಯುವುದಿಲ್ಲ. ಕೈಗೆ ಸಿಗದ ಕೊಂಬಿಗಿದ್ದ ಶಕ್ತಿ ಮೇಜಿನ ಮೇಲಿದ್ದ ಕೊಂಬಿಗೆ ಇದ್ದಂತೆ ಕಾಣಲಿಲ್ಲ. ಕೊನೆಗೆ ಅದನ್ನು ಡಿಶ್‌ವಾಷರಿನಲ್ಲಿಟ್ಟಳು. ಆ ಮನೆಗೆ ಬಂದಾಗಿನಿಂದ ಅದರಲ್ಲಿ ಪಾತ್ರೆ ತೊಳೆದಿರಲಿಲ್ಲ. ಹಬ್ಬದ ತಪ್ಪಲೆ, ಬಾಣಲೆಗಳು ಅದರೊಳಗಿದ್ದವು. ನಾರಾಯಣಸ್ವಾಮಿ ಮನೆಯಲ್ಲಿ ತೆರೆಯದ ಬಾಗಿಲು ಅದೊಂದೇ.

ನಲವತ್ತೆಂಟನೆಯ ದಿನ ಅವರಿಗೆ ಆನ್‌-ಕಾಲ್ ಡ್ಯೂಟಿ ಮುಗಿದು ರಜೆಯಿತ್ತು. ಕೊನೆಯ ಲೇಪ ಹಚ್ಚಿ, ಕೈ ತೊಳೆದು, ಎದುರಿಗೆ ಕೂತರು.

"ಹೇಗಿದೆ?"

"ಹಾಗೇ ಇದೆ. ಮಂಡಲ ಮುಗೀತು. ಹಾರ್ಗ್ರೀವ್ಸ್‌ಗೆ ಹೇಳಿ."

ಹಾರ್ಗ್ರೀವ್ಸ್ ಅವರ ಜೊತೆಯ ಸರ್ಜನ್. ಹೆಂಡತಿಯ ಕಾಲು ಗಂಡ ಕೊಯ್ಯುವ ಹಾಗಿಲ್ಲವಲ್ಲ, ಅದಕ್ಕೆ. ನಾಲ್ಕು ತಿಂಗಳಿಂದ ಈ ಒಂದು ಮಾತಿಗಾಗಿ ಗೂಟ ಹೊಡೆದು ಕೊಂಬು ತೇಯ್ದಿದ್ದ ನಾರಾಯಣಸ್ವಾಮಿ ಮುಖ ಅರಳಿಸಬೇಕಿತ್ತು. ಅವರು ಕನ್ನಡಕ ತೆಗೆದು ಒರೆಸಿದರು.

"ಸ್ವಲ್ಪ ಕಡಿಮೆ ಆದ ಹಾಗಿದೆಯಲ್ಲ? ನಿನ್ನೆ ಗಾರ್ಡನ್ನಿಗೆ ಹತ್ತೇ ನಿಮಿಷದಲ್ಲಿ ಹೋಗಿ ಬಂದೆ. ನಾನು ನೋಡಿದೆ."

"ದಿನಾ ನಡೆದು ಅಭ್ಯಾಸ ಆಗಿದೆ. ಮೆಟ್ಟಿಲು ಇನ್ನೂ ಹಿಂದುಮುಂದಾಗೇ ಇಳೀತಿದೀನಿ."

"ಇನ್ನೊಂದು ಮಂಡಲ ನೋಡೋಣ. ಅವಸರ ಏನು?"

"ನಿಮ್ಮ ಪೇಷಂಟ್ ಹೀಗಂದ್ರೆ ಏನಂತೀರಿ?"

"ಪೇಷಂಟ್ ಬೇರೆ." ಅವರು ಬಟ್ಟಲಿನ ಅಂಚನ್ನು ಉಗುರಿನಿಂದ ಕೆರೆದರು. "ಹಾರ್ಗ್ರೀವ್ಸ್ ಒಳ್ಳೆಯವನೇ. ಆದ್ರೆ ಹೋದ ತಿಂಗಳು ಒಂದು ಕೇಸು..." ಎಂದು ಶುರುಮಾಡಿ ನಿಲ್ಲಿಸಿದರು. ಬೂಂದಿ ಬಡಿಸಿದ ಮೂವತ್ತು ವರ್ಷಗಳಲ್ಲಿ ಅವರು ಇಂಥ ಮಾತನ್ನು ನಡುವೆ ನಿಲ್ಲಿಸಿದ್ದು ಅದೇ ಮೊದಲು.

ಆಮೇಲೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಸೀತಾ, ಒಂದು ಹೇಳ್ಬೇಕು. ಆ ಕೊಂಬು ನಮ್ಮ ಜಿಂಕೇದಲ್ಲ. ಸ್ಕಾಟ್ಲೆಂಡಿಂದ ತರಿಸಿದ್ದು. ನಿನ್ನ ನಿಯಮದ ಪ್ರಕಾರ ಇದು ಲೆಕ್ಕಕ್ಕೇ ಇಲ್ಲ. ನಿಜವಾದ ಕೊಂಬು ಸಿಗ್ಬೇಕು ಅಂದ್ರೆ ಮುಂದಿನ ಏಪ್ರಿಲ್‌ವರೆಗೆ ಕಾಯ್ಬೇಕು. ಕಾಯೋಣ."

ಆಪರೇಷನ್ ಹತ್ತಿರ ತರಲು ಸುಳ್ಳು ಹೇಳಿದ್ದ ಮನುಷ್ಯ ಅದನ್ನು ದೂರ ತಳ್ಳಲು ಈಗ ನಿಜ ಹೇಳುತ್ತಿದ್ದರು. ಸೀತಾಲಕ್ಷ್ಮಿಗೆ ಅವರ ಮೇಲೆ ಎಂದೂ ಇಲ್ಲದಷ್ಟು ಮರುಕ ಬಂತು. ಮೂರು ಮಾರು ದೂರದಲ್ಲಿ ಡಿಶ್‌ವಾಷರಿತ್ತು. ಬಾಗಿಲು ತೆರೆದರೆ ಏಪ್ರಿಲ್‌ವರೆಗೆ ಕಾಯಬೇಕಿಲ್ಲ. ಇವತ್ತೇ ಇನ್ನೊಂದು ಮಂಡಲ ಶುರು, ಇಬ್ಬರಿಗೂ ನಲವತ್ತೆಂಟು ದಿನದ ನೆಮ್ಮದಿ. ಅದು ಮುಗಿದರೆ ಇನ್ನೊಂದು ನಿಯಮ ಹುಟ್ಟಿಸಲು ಅವಳಿಗೇನು ಕಷ್ಟವಿರಲಿಲ್ಲ. ಇಬ್ಬರಲ್ಲಿ ಒಬ್ಬರಿಗಾದರೂ ಧೈರ್ಯ ಇರಬೇಕಿತ್ತು. ಇಷ್ಟು ದಿನ ಅದು ಅವರ ಪಾಳಿ.

"ಸ್ಕಾಟ್ಲೆಂಡಿನದೂ ಕೊಂಬೇ" ಎಂದಳು. "ನಾನು ಬರೀ ಕೊಂಬು ನೋಡ್ಲಿಲ್ಲ, ತೇಯ್ದ ಕೈಯೂ ನೋಡಿದೀನಿ. ಸಾಕು. ಫೋನ್ ಕೊಡಿ."

"ನಾನು ಹಾರ್ಗ್ರೀವ್ಸ್ ಹತ್ರ ನಾಳೆ ಮಾತಾಡ್ತೀನಿ."

"ನೀವು ಮಾತಾಡಿದ್ರೆ ಬೇಡ ಅಂತ ಹೇಳಿ ಬರ್ತೀರಿ. ಕೊಡಿ."

ಹಾರ್ಗ್ರೀವ್ಸರ ಸೆಕ್ರೆಟರಿಗೆ ಅವಳ ದನಿ ಚೆನ್ನಾಗಿ ಗೊತ್ತಿತ್ತು. ಹೆಸರು ಹೇಳುತ್ತಲೇ, ಈ ಸಲ ಏನು ಕಾರಣವೆಂದು ಕೇಳಲು ತಯಾರಾದಂತೆ ಆ ಹೆಂಗಸು ಉಸಿರೆಳೆದುಕೊಂಡದ್ದು ಕೇಳಿಸಿತು. ರದ್ದು ಮಾಡಲು ಅಲ್ಲ, ತಾರೀಖು ಬೇಕಿತ್ತು ಎಂದಾಗ ಆ ಉಸಿರು ನಿಧಾನಕ್ಕೆ ಹೊರಬಿತ್ತು. ಆಮೇಲೆ ಕೀಲಿಮಣೆಯ ಸದ್ದು. ಎರಡು ದಿನ ಖಾಲಿಯಿವೆ, ಜುಲೈ ಹದಿನಾಲ್ಕು, ಇಲ್ಲವೇ ಸೆಪ್ಟೆಂಬರ್ ಎಂಟು. ಯಾವುದು ಅನುಕೂಲ, ಎಂದಳು.

ಮೇಜಿನಾಚೆ ಕೂತಿದ್ದ ನಾರಾಯಣಸ್ವಾಮಿ ಫೋನಿನ ದನಿ ಕೇಳಿಸಿಕೊಂಡು, ಒಂಬತ್ತನೆಯ ತಿಂಗಳು ಎಂಬಂತೆ, ಒಂದು ಕೈಯ ಐದೂ ಬೆರಳು, ಇನ್ನೊಂದರ ನಾಲ್ಕು ಬೆರಳು ಬಿಡಿಸಿ ಎತ್ತಿ ಹಿಡಿದರು. ಸೀತಾಲಕ್ಷ್ಮಿ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು, ಅವರಿಗೆ ಬೆನ್ನು ಹಾಕಿ ಕೂತು, "ಜುಲೈ" ಎಂದಳು.